ಮೂರನೆಯ ಕಾಲಂ

ಮಾರ್ಚ್ 4, ಬೆಳಿಗ್ಗೆ

ಲ್ಯಾಬಿನ ಫೈಲ್ ಬಂತು. ಸಾಲಿಗೊಬ್ಬ ರೋಗಿ — ಹಾಸಿಗೆ, ವಾರ್ಡ್, ಸಂಬಂಧಿಕ, ಪೊಟ್ಯಾಷಿಯಂ, ಆಲ್ಬುಮಿನ್. ಗೂಬೆ, ಅಂದರೆ ನನ್ನ ಸೀನಿಯರ್, ಇಷ್ಟು ವರ್ಷ ದಪ್ಪ ಕನ್ನಡಕದಲ್ಲಿ ಅಕ್ಷರಗಳ ಜಾಗ ಎಣಿಸಿ ಎಣಿಸಿ ಕಾಲಂ ಕತ್ತರಿಸುತ್ತಿದ್ದ. ಪೈಥಾನ್‌ನಲ್ಲಿ ಒಂದೇ ಸಾಲಿನ ಪ್ರೋಗ್ರಾಮ್ ಬರೆದೆ. ಖಾಲಿ ಜಾಗ ಸಿಕ್ಕಲ್ಲಿ ಸಾಲನ್ನು ಪದಗಳಾಗಿ ಒಡೆ, ನಾಲ್ಕನೆಯ ಪದ ಪೊಟ್ಯಾಷಿಯಂ, ಆರು ದಾಟಿದರೆ ಹೃದಯಕ್ಕೆ ಅಪಾಯ, ಕೆಂಪು ಮಾಡಿ ಡಾಕ್ಟರಿಗೆ ತಿಳಿಸು; ಇಲ್ಲದಿದ್ದರೆ ಹಸಿರು. ಮುಗಿಯಿತು.

"ಪದ ಎಣಿಸ್ಬೇಡಪ್ಪ, ಜಾಗ ಎಣಿಸು," ಅಂದ. "ಯಾರೂ ಇಲ್ದವ್ರು ಬಂದ್ರೆ ಸಂಬಂಧಿಕರ ಕಾಲಂ ಖಾಲಿ ಇರುತ್ತೆ. ಮುಂದಿಂದೆಲ್ಲ ಹಿಂದಕ್ಕೆ ಜರುಗುತ್ತೆ."

"ಯಾರೂ ಇಲ್ದವ್ರು ಬದುಕಿ ಏನ್ ಮಾಡ್ಬೇಕು ಸಾರ್?"

ಇಡೀ ರೂಮು ನಕ್ಕಿತು. ಗೂಬೆಯ ಮುಖ ಚಿಕ್ಕದಾಯಿತು. ನನಗೆ ಹಿತವಾಯಿತು.

ಮಾರ್ಚ್ 9

ಗೂಬೆಯನ್ನು ಹಳೇ ರೆಕಾರ್ಡ್ ರೂಮಿಗೆ ಎತ್ತಿ ಹಾಕಿದರು. ಅವನ ಕುರ್ಚಿ ಈಗ ನನ್ನದು. ಬೆನ್ನಿಗೆ ಆರಾಮ.

ಏಪ್ರಿಲ್ 2, ಮಧ್ಯಾಹ್ನ

ಅಕ್ಕ ಇಲ್ಲೇ ಅಡ್ಮಿಟ್ ಆಗಿದ್ದಾಳೆ. ಕಿಡ್ನಿ. ನನ್ನ ಹೆಂಡತಿಯ ಕಿವಿ ಊದಿ ಮದುವೆ ಮುರಿದವಳು. ಅಪ್ಪ ಅಮ್ಮ ಇಲ್ಲ, ಗಂಡ ಮಕ್ಕಳಿಲ್ಲ... ಉಳಿದವನು ನಾನೊಬ್ಬ. ನರ್ಸ್ ಹುಡುಕಿಕೊಂಡು ಬಂದಳು.

"ಸಂಬಂಧಿಕರು ಅನ್ನೋ ಕಡೆ 'ತಮ್ಮ' ಅಂತ ಹಾಕ್ಲಾ? ಅವ್ರೇ ಹೇಳಿದ್ರು."

"ಬೇಡ. ಖಾಲಿ ಬಿಡಿ."

"ಒಂದ್ಸಲ ಬಂದು ಮುಖನಾದ್ರೂ ತೋರ್ಸಿ. ಕೇಳ್ತಾನೇ ಇದಾರೆ."

"ಕೇಳ್ಲಿ ಬಿಡಿ."

ಎಷ್ಟೋ ವರ್ಷದ ಸಿಟ್ಟು ತೀರಿತು. ಊಟ ರುಚಿಸಿತು.

ಏಪ್ರಿಲ್ 4

ಸ್ಕ್ರೀನಿನಲ್ಲಿ ಅಕ್ಕನ ಸಾಲು ಹಸಿರು. ಪೊಟ್ಯಾಷಿಯಂ ನಾಲ್ಕು. ಗಟ್ಟಿಗಿತ್ತಿ, ಅಷ್ಟು ಸುಲಭಕ್ಕೆ ಹೋಗುವವಳಲ್ಲ. ವಾರ್ಡಿನ ಕಡೆ ತಲೆ ಹಾಕಲಿಲ್ಲ.

ಏಪ್ರಿಲ್ 5

ಹೋದಳು. ಹೃದಯ ನಿಂತಿತಂತೆ. ಕಾರಿಡಾರಿನಲ್ಲಿ ಡಾಕ್ಟರ್ ಕೂಗಾಡುತ್ತಿದ್ದರು — "ಪೊಟ್ಯಾಷಿಯಂ ಏಳು ದಾಟಿದೆ! ನಿನ್ನೆ ಯಾರೂ ಯಾಕ್ರೀ ಹೇಳ್ಲಿಲ್ಲ?"

ಏಪ್ರಿಲ್ 9

ಇವತ್ತು ಏಪ್ರಿಲ್ 4ರ ಫೈಲ್ ತೆರೆದೆ. ಅಕ್ಕನ ಸಾಲಿನಲ್ಲಿ ಮೂರನೆಯ ಕಾಲಂ ಖಾಲಿ. ಪೊಟ್ಯಾಷಿಯಂ ಅಂತ ನಾನು ಓದಿದ 'ನಾಲ್ಕು' ಆಲ್ಬುಮಿನ್‌ದು. ಪೊಟ್ಯಾಷಿಯಂನ ಏಳು ಅದರ ಹಿಂದಿನ ಪದವಾಗಿ ಅಲ್ಲೇ ಇತ್ತು.

ರೆಕಾರ್ಡ್ ರೂಮಿನಿಂದ ಏನೋ ಕೆಲಸಕ್ಕೆ ಬಂದ ಗೂಬೆ ಹಿಂದೆ ನಿಂತಿದ್ದ. ನನಗೊಬ್ಬ ಅಕ್ಕ ಇದ್ದಳೆಂದು ಅವನಿಗೆ ಗೊತ್ತಿಲ್ಲ.

"ಯಾರಪ್ಪ ಅದು, ಪಾಪ?"

"ಯಾರೋ," ಅಂದೆ. "ಯಾರೂ ಇಲ್ಲ ಅವ್ರಿಗೆ."

ಅವನು ಹೋದ ಮೇಲೆ ಖಾಲಿ ಜಾಗದಲ್ಲಿ 'ತಮ್ಮ' ಎಂದು ಟೈಪ್ ಮಾಡಿ ಪ್ರೋಗ್ರಾಮ್ ಓಡಿಸಿದೆ. ಕೆಂಪು. ಅಳಿಸಿದೆ. ಹಸಿರು. ಮತ್ತೆ ಟೈಪ್ ಮಾಡಿದೆ. ಕೆಂಪು. ಮತ್ತೆ —