ಆಮೆನ್‌ಗೆ ಮುಂಚೆ ಎದ್ದು ಹೋದವಳು

ಭಾನುವಾರ, ಮಧ್ಯಾಹ್ನ

ನನ್ನ ಪ್ರೀತಿಯ, ಹಟಮಾರಿ ಅಮ್ಮನಿಗೆ,

ನಿನಗಿಂತ ಒಂದು ತೂಕ ಹೆಚ್ಚೇ ಹಟವಿರುವ ಮಗಳ ವಂದನೆ. ನಿನ್ನ ಕಾಗದ ಬಂದು ಸೇರಿತು. ಬೇಕೆಂದೇ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಪಕ್ಕದ ಮನೆಯ ಆಂಟಿಯ ಕೈಲಿ ಓದಿಸಬೇಡ. ಎಡಗಣ್ಣಿನ ಆಪರೇಷನ್ ಗುರುವಾರ ಅಂತ ಬರೆದಿದ್ದೀಯ. ಯಾವ ಡಾಕ್ಟರು, ಯಾವ ವಾರ್ಡು, ಎಲ್ಲ ಬರೆದಿದ್ದೀಯ. ಬಂದು ಜೊತೆಗಿರು ಅಂತ ಮಾತ್ರ ಎಲ್ಲೂ ಬರೆದಿಲ್ಲ. ಬದಲಿಗೆ ಕೊನೆಯಲ್ಲಿ ಒಂದು ಪ್ರಾರ್ಥನೆ: ಕರ್ತನೇ, ದೂರವಾದ ಮಕ್ಕಳಿಗೆ ಹೆತ್ತವಳ ನೆನಪು ಬರಮಾಡು. ಅಯ್ಯೋ ಅಮ್ಮಾ, ಇದು ದೇವರಿಗೆ ಬರೆದದ್ದಾದರೆ ಸ್ಟಾಂಪು ಹಚ್ಚಿ ನನಗ್ಯಾಕೆ ಕಳಿಸಿದೆ? ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಕೊನೆಗೆ ಅಳುವೂ ಬಂತು.

ನಮ್ಮ ಮನೆಯಲ್ಲಿ ಎದುರೆದುರು ನಿಂತು ಜಗಳ ಆಡಿದವರು ಯಾರಿದ್ದಾರೆ ಹೇಳು? ಸಂಜೆ ಎಲ್ಲರೂ ಮೊಣಕಾಲೂರಿ ಕಣ್ಣು ಮುಚ್ಚಿದ ಮೇಲೇ ನಮ್ಮ ಜಗಳ. ಹಾಲು ಉಕ್ಕಿಸಿದವಳು, ಗಣಿತದಲ್ಲಿ ಫೇಲಾದವಳು, ಫೋನಿನಲ್ಲಿ ಗಂಟೆಗಟ್ಟಲೆ ಹರಟಿದವಳು, ಎಲ್ಲರಿಗೂ ನಿನ್ನ ಪ್ರಾರ್ಥನೆಯಲ್ಲಿ ಪಾಲಿತ್ತು. ಪ್ರಾರ್ಥನೆಯ ನಡುವೆ ಎದುರು ಮಾತಾಡುವ ಹಾಗಿಲ್ಲವಲ್ಲ! ಅಪ್ಪ ಪಾಪ, ತಮ್ಮ ಸರದಿ ಬಂದಾಗ, ಲೋಕದ ಹೆಂಡತಿಯರಿಗೆಲ್ಲ ತಾಳ್ಮೆ ಕೊಡು ಕರ್ತನೇ ಅಂತ ಉತ್ತರ ಕೊಡುತ್ತಿದ್ದರು.

ನಾನು ಸ್ಕೂಲಿನ ಕೆಲಸ ಬಿಟ್ಟು ಡ್ರೈವಿಂಗ್ ಕಲಿಸಲು ಸೇರಿದಾಗಲೂ ನೀನು ನನ್ನ ಹತ್ತಿರ ಒಂದು ಮಾತು ಆಡಲಿಲ್ಲ. ಚರ್ಚಿನ ಸ್ತ್ರೀಯರ ಕೂಟದವರು ಪ್ರಾರ್ಥನೆಗೆ ನಮ್ಮ ಮನೆಯ ಹಾಲ್ ತುಂಬ ಕೂತಿದ್ದ ದಿನವೇ ಬೇಕಾಯಿತು ನಿನಗೆ. ಕರ್ತನೇ, ಮರ್ಯಾದೆಯ ಕೆಲಸ ಬಿಟ್ಟು ಕಂಡವರ ಪಕ್ಕ ಕಾರಿನಲ್ಲಿ ಕೂರಲು ಹೊರಟವರ ಕಣ್ಣು ತೆರೆ ಅಂದೆ. ನಾನು ಎದ್ದು ಹೊರಟೆ. ನಮ್ಮ ಮನೆಯಲ್ಲಿ ಏನು ಮಾಡಿದರೂ ಕ್ಷಮೆಯಿತ್ತು, ಆಮೆನ್‌ಗೆ ಮುಂಚೆ ಎದ್ದರೆ ಇರಲಿಲ್ಲ. ಎರಡು ವರ್ಷದಿಂದ ನಾವು ಒಬ್ಬರ ಮುಖ ಒಬ್ಬರು ನೋಡಿಲ್ಲ. ಎದ್ದದ್ದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ ಕಣಮ್ಮ. ನೀನು ದೇವರ ಹತ್ತಿರ ಮಾತಾಡುತ್ತಿದ್ದರೆ ತಾನೇ ನಾನು ಅಡ್ಡ ಬಂದ ಹಾಗೆ?

ಆದರೆ ರಕ್ತ ಎಲ್ಲಿಗೆ ಹೋಗುತ್ತದೆ! ಹೋದ ತಿಂಗಳು ನಮ್ಮ ಮನೆಯ ಪ್ರಾರ್ಥನೆಯಲ್ಲಿ, ಕರ್ತನೇ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆಯುವವರಿಗೆ ಬುದ್ಧಿ ಕೊಡು ಅಂದುಬಿಟ್ಟೆ. ನಿನ್ನ ಅಳಿಯ ಆಮೆನ್ ಆಗುವವರೆಗೂ ಸುಮ್ಮನಿದ್ದು, ನನಗೆ ಹೇಳೋದಾದ್ರೆ ನನಗೇ ಹೇಳು ಮಾರಾಯ್ತಿ, ಮಧ್ಯೆ ದೇವರನ್ನ ಯಾಕೆ ಎಳೀತೀಯ ಅಂದ. ನನಗೆ ನಿನ್ನ ದನಿಯೇ ನನ್ನ ಬಾಯಲ್ಲಿ ಕೇಳಿಸಿದ ಹಾಗಾಯಿತು.

ಮಾರನೆಯ ದಿನ ಅವನ ಅಜ್ಜಿಯ ಜೊತೆ ನಾನೊಬ್ಬಳೇ ಪ್ರಾರ್ಥನೆಗೆ ಕೂತೆ. ಅಜ್ಜಿಗೆ ಕಿವಿ ಪೂರ್ತಿ ಮಂದ, ಕಿವಿಯ ಯಂತ್ರ ಬೇರೆ ತೆಗೆದಿಟ್ಟಿದ್ದರು, ಅದಿಲ್ಲದಿದ್ದರೆ ಏನೂ ಕೇಳದು. ನಂಬುತ್ತೀಯಾ, ಕೇಳಿಸಿಕೊಳ್ಳುವವರು ಇಲ್ಲ ಅಂತಾದ ಕೂಡಲೇ ನನಗೆ ಮಾತೇ ಹೊರಡಲಿಲ್ಲ. ಕರ್ತನೇ ಅಂದೆ, ಯೇಸುವೇ ಅಂದೆ, ತಂದೆಯೇ ಅಂದೆ, ಪವಿತ್ರಾತ್ಮನನ್ನೂ ಕರೆದೆ. ಎಲ್ಲರ ಹೆಸರೂ ಆಯಿತು, ವಿಷಯ ಮಾತ್ರ ಇಲ್ಲ. ಹೊಸದಾಗಿ ಕಾರು ಕಲಿಯುವವರು ರಸ್ತೆ ಬಿಟ್ಟು ನನ್ನ ಮುಖವನ್ನೇ ನೋಡುತ್ತಾರೆ. ನಾನೂ ಇಷ್ಟು ವರ್ಷ ಹಾಗೇ, ದೇವರನ್ನು ಬಿಟ್ಟು ಪಕ್ಕದವರನ್ನೇ ನೋಡಿಕೊಂಡು ಪ್ರಾರ್ಥನೆ ಮಾಡಿದ್ದೆ.

ಅಜ್ಜಿಗೆ ಯಂತ್ರ ಹಾಕಿಸಿ, ಅಜ್ಜೀ, ಇಷ್ಟು ಜನರಲ್ಲಿ ಯಾರನ್ನು ಕರೆಯಬೇಕು ಅಂತ ಕೂಗಿ ಕೇಳಿದೆ. ಅಜ್ಜಿಗೆ ರೇಗಿತು. ಯೇಸುವೇ ಹೇಳಿಕೊಟ್ಟಿದ್ದಾನಲ್ಲೇ, ತಂದೇ ಅಂತ ಕರೀರಿ ಅಂತ, ಆ ಮಗನ ಹೆಸರು ಹೇಳ್ಕೊಂಡು ಧೈರ್ಯವಾಗಿ ಒಳಗೆ ಹೋಗು, ಮಾತು ಬರದಿದ್ರೆ ಆತ್ಮ ಇದ್ದಾನೆ ಸಹಾಯಕ್ಕೆ, ಯೇಸಪ್ಪಾ ಅಂತ ಕರೆದ್ರೂ ಅಲ್ಲಿ ಯಾರೂ ಮುನಿಸ್ಕೊಳ್ಳಲ್ಲ, ಪಕ್ಕದಲ್ಲಿ ಕೂತವರನ್ನ ಮಾತ್ರ ಕರೀಬೇಡ ಅಂದರು. ಹೇಳಿ ಯಂತ್ರ ತೆಗೆದು ಡಬ್ಬಿಗೆ ಹಾಕಿಕೊಂಡರು.

ಆವಾಗ ಬಂತು ಮಾತು. ತಂದೆಯೇ, ನನಗೆ ಅಮ್ಮನ ಮೇಲೆ ಸಿಟ್ಟಿದೆ, ಅಮ್ಮ ಇಲ್ಲದೆ ಆಗುವುದೂ ಇಲ್ಲ, ಯೇಸುವಿನ ಹೆಸರಿನಲ್ಲಿ ಕೇಳುತ್ತೇನೆ, ಏನಾದರೂ ಮಾಡು. ಅಷ್ಟೇ. ಯಾರನ್ನೂ ಚುಚ್ಚದ ನನ್ನ ಮೊದಲ ಪ್ರಾರ್ಥನೆ ಅದು. ಆತ ಕೇಳಿಸಿಕೊಂಡ, ನನಗೆ ಅನುಮಾನವೇ ಇಲ್ಲ.

ದೇವರಿಗೆ ಹೇಳುವುದು ಆಯಿತು, ಈಗ ನಿನಗೆ ಹೇಳಬೇಕಾದದ್ದು ನಿನಗೇ. ಅಮ್ಮಾ, ಅಷ್ಟು ಜನರ ಮುಂದೆ ನನಗೆ ಬಹಳ ನೋವಾಯಿತು. ನನ್ನ ಕೆಲಸ ಒಳ್ಳೆಯದು. ಸ್ಟಿಯರಿಂಗ್ ಮುಟ್ಟಲೂ ನಡುಗುತ್ತಿದ್ದ ಹೆಂಗಸರು ಈಗ ಮಕ್ಕಳನ್ನು ಕೂರಿಸಿಕೊಂಡು ಊರೆಲ್ಲ ಓಡಾಡುತ್ತಾರೆ. ನೀನೂ ಒಮ್ಮೆ ನನ್ನ ಪಕ್ಕ ಕೂತು ನೋಡು. ನಿನಗೆ ಆಪರೇಷನ್ ಅಂದರೆ ಭಯ, ಅದೂ ನನಗೆ ಗೊತ್ತು. ಭಯ ಆಗ್ತಿದೆ, ಬಾ ಅಂತ ನನಗೇ ಹೇಳಬಾರದಿತ್ತೇ? ನಿಂತ ಕಾಲಲ್ಲಿ ಬರುತ್ತಿದ್ದೆ.

ಮುತ್ತುಗಳೊಂದಿಗೆ,
ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ಇನ್ನೊಬ್ಬ ಹಟಮಾರಿ

ಮರೆತಿದ್ದೆ: ಈಗ ಬುಧವಾರ ಬೆಳಗ್ಗೆ, ಪೆನ್ನೂ ಬೇರೆ. ಇದನ್ನು ಅಂಚೆಗೆ ಹಾಕಲಿಲ್ಲ, ನಾನೇ ತಂದು ನಿನ್ನ ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ. ಕಾರು ಕೆಳಗಿದೆ, ನಾಳೆ ಆಸ್ಪತ್ರೆಗೆ ಅದರಲ್ಲೇ ಹೋಗುವುದು. ಅಪ್ಪ ಕಿಟಕಿಯಿಂದ ನನ್ನನ್ನು ನೋಡಿಯಾಯಿತು, ಸುಮ್ಮನಿರಿ ಅಂತ ಸನ್ನೆ ಮಾಡಿದ್ದೇನೆ. ನೀನು ಒಳಗೆ ಪ್ರಾರ್ಥನೆ ಮಾಡುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ಈ ಸಲ ಆಮೆನ್ ಆಗುವವರೆಗೂ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಆಮೇಲೆ ಬಾಗಿಲು ತೆಗೆದು, ಒಳಗೆ ಬಾ ಅನ್ನುವುದನ್ನು ಮಾತ್ರ ನನಗೇ ಹೇಳಮ್ಮ.