ಮೂರನೆಯ ಸಿಲಿಂಡರಿನ ಬಡಿತ

ಅಕ್ಕನ ಮನೆ
ಭಾನುವಾರ, ಹದಿನಾಲ್ಕನೆಯ ತಾರೀಖು

ಊರಿಗೆಲ್ಲ ಮೇಸ್ತ್ರಿಯಾದ, ನನಗೆ ಮಾತ್ರ ‘ರೀ’ ಆದ ನಿಮಗೆ,

ನಿಮ್ಮ ಪತ್ರ ಕೈಸೇರಿತು. ಹನ್ನೊಂದು ತಿಂಗಳ ಮೇಲೆ ಗಂಡ ಹೆಂಡತಿಗೆ ಬರೆದ ಪತ್ರ; ಏಳೇ ಸಾಲು, ಏಳೂ ಇಂಜಿನ್ನಿನ ಬಗ್ಗೆ! ಅಕ್ಕ ಓದಿ ಬಿದ್ದುಬಿದ್ದು ನಕ್ಕಳು. ನನಗೆ ಹರಿದು ಒಲೆಗೆ ಹಾಕೋಣ ಅನ್ನಿಸಿತು. ನಮ್ಮ ಲಾರಿಗೆ ಹೊಂದುವ ಹಳೆಯ ಇಂಜಿನ್ನೊಂದು ಇಲ್ಲಿನ ಗುಜರಿಯಲ್ಲಿದೆ, ಬಿಚ್ಚಿ ಕಟ್ಟಲು ಯೋಗ್ಯವೋ ಅಲ್ಲವೋ ನೀನೇ ಹೋಗಿ ನೋಡು, ನನಗೆ ಕೆಲಸ ಬಹಳ, ಬರಲಾಗುವುದಿಲ್ಲ ಎಂದು ಬರೆದಿದ್ದಿರಿ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ ‘ಹ್ಞೂಂ’ ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ನಾನೂ ಬರೆಯುತ್ತಿದ್ದೇನೆ.

ಸಿಟ್ಟಿದ್ದರೂ ನಿನ್ನೆ ಬೆಳಿಗ್ಗೆ ಹೋದೆ. ಇಪ್ಪತ್ತೆರಡು ವರ್ಷ ನಿಮ್ಮ ಪಕ್ಕದಲ್ಲಿ ನಿಂತು ಬೋಲ್ಟಿಗೆ ತಕ್ಕ ಪಾನ ಎತ್ತಿಕೊಟ್ಟವಳು, ವಾಲ್ವ್ ಉಜ್ಜಿದವಳು. ಇಂಜಿನ್ ಅಂದರೆ ಕಾಲು ತಾನಾಗಿಯೇ ಆ ಕಡೆ ತಿರುಗುತ್ತದೆ, ಏನು ಮಾಡಲಿ?

ಎಲ್ಲರೂ ತಕ್ಕಡಿಯಣ್ಣ ಎನ್ನುವ ಗುಜರಿಯವರಿಗೆ ಮೇಸ್ತ್ರಿಗಳ ಮನೆಯವಳು ಎಂದು ಹೇಳಿಕೊಂಡೆ. ತಗಡಿನ ಚಪ್ಪರದ ಕೆಳಗೆ, ಎರಡು ಮರದ ದಿಮ್ಮಿಗಳ ಮೇಲೆ ಕೂತಿತ್ತು ನಿಮ್ಮ ಇಂಜಿನ್. ಆರು ಸಿಲಿಂಡರಿನದು. ಎಣ್ಣೆ, ಧೂಳು ಮೆತ್ತಿ ಮೈಯೆಲ್ಲ ಕರಿ ಕಂಬಳಿ ಹೊದ್ದ ಹಾಗಿತ್ತು. ಆಯಿಲ್ ಕಡ್ಡಿ ಎಳೆದು ನೋಡಿದೆ. ಆಯಿಲ್ ಕಪ್ಪಗಿದೆ, ಆದರೆ ನೀರು ಬೆರೆತು ಹಾಲಿನ ಬಣ್ಣಕ್ಕೆ ತಿರುಗಿಲ್ಲ. ರಾಡ್ ಹಾಕಿ ಕೈಯಲ್ಲೇ ತಿರುಗಿಸಿದೆ, ಎಲ್ಲೂ ಹಿಡಿಯಲಿಲ್ಲ. ಬ್ಲಾಕಿನ ಮೈ ಉಜ್ಜಿ, ಸೀಮೆಎಣ್ಣೆ ಸವರಿ, ಒರೆಸಿ, ಬಿರುಕು ಹುಡುಕಿದೆ. ಕೂದಲೆಳೆಯಷ್ಟೂ ಸಿಗಲಿಲ್ಲ.

ಆಮೇಲೆ ಬ್ಯಾಟರಿ ಕೊಟ್ಟು, ಡಬ್ಬಿಯಿಂದ ಡೀಸೆಲ್ ಇಳಿಸಿ, ಶುರು ಮಾಡಿಸಿದೆ. ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಹಿಡಿದುಕೊಂಡಿತು. ಹಿಡಿದುಕೊಂಡದ್ದೇ ತಡ, ಢಕ್ ಢಕ್ ಢಕ್ ಅಂತ ಬಡಿತ! ರಸ್ತೆಯಲ್ಲಿ ಹೋಗುತ್ತಿದ್ದ ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ, ಅಂಥ ಬಡಿತ. ನೀವು ಕಲಿಸಿದ ಹಾಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡೆ. ಒಂದೊಂದೇ ಸಿಲಿಂಡರಿನ ಡೀಸೆಲ್ ಪೈಪಿನ ನಟ್ಟು ಸಡಿಲಿಸಿ, ಅದೊಂದನ್ನೇ ನಿಲ್ಲಿಸಿ ಕೇಳುತ್ತ ಬಂದೆ. ಮೂರನೆಯದಕ್ಕೆ ಬಂದಾಗ ಬಡಿತ ಕುಗ್ಗಿತು. ಕಳ್ಳ ಸಿಕ್ಕಿಬಿದ್ದ.

“ನಿಮ್ಮ ಯಜಮಾನ್ರೂ ಹೀಗೇ ಇಟ್ಕೊಂಡು ಕೇಳಿದ್ರಮ್ಮ,” ಅಂದರು ತಕ್ಕಡಿಯಣ್ಣ.

ಅವರು ಇನ್ನೂ ಬಂದೇ ಇಲ್ಲವಲ್ಲ, ಅಂದೆ.

“ಅಯ್ಯೋ, ಹೋದ ತಿಂಗಳು ಎರಡು ಸಲ ಬಂದಿದ್ರಲ್ಲ! ಈ ಕಿವಿಗಿಟ್ರು, ಆ ಕಿವಿಗಿಟ್ರು. ಆಮೇಲೆ ಇಂಜಿನ್ನಿಗೆ ಅಂಗೈ ಒತ್ಕೊಂಡು ತುಂಬ ಹೊತ್ತು ನಿಂತಿದ್ರು. ಕೊನೆಗೆ, ‘ಸದ್ದು ಮೆತ್ತಗಿದೆ ಅಲ್ವಾ?’ ಅಂತ ನನ್ನೇ ಕೇಳಿದ್ರು. ಇಷ್ಟು ಬಡೀತಿರೋ ಇಂಜಿನ್ನು! ಅವತ್ತೇ ಅವರ ತಲೆಗೆ ಕಟ್ಟಬಹುದಿತ್ತು. ಮನಸ್ಸು ಬರಲಿಲ್ಲಮ್ಮ. ನಿಮ್ಮೋರು ಯಾರನ್ನಾದ್ರೂ ಕರ್ಕೊಂಡು ಬನ್ನಿ ಅಂದೆ. ಅದೂ ಕೇಳಿಸಲಿಲ್ಲ. ಚೀಟಿ ಮೇಲೆ ಬರೆದು ತೋರಿಸಿದೆ.”

ಇಂಜಿನ್ ಆರಿಸಿ ಅಂದೆ. ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತುಬಿಟ್ಟೆ.

ರೀ, ಎಷ್ಟು ದಿನದಿಂದ ನಿಮಗೆ ಕಿವಿ ಕೇಳಿಸುತ್ತಿಲ್ಲ? ಎರಡು ವರ್ಷವೇ ಆಗಿರಬೇಕು. ನಾನು ಅಡುಗೆಮನೆಯಿಂದ ಏನಾದರೂ ಕೇಳುವುದು, ನೀವು ತುಟಿ ಬಿಚ್ಚದೆ ಕಬ್ಬಿಣಕ್ಕೆ ಅರ ಉಜ್ಜುತ್ತ ಕೂತಿರುವುದು. ಬಚ್ಚಲಲ್ಲಿ ಜಾರಿಬಿದ್ದು ಕೂಗಿಕೊಂಡಿದ್ದೆ. ಅರ್ಧ ಗಂಟೆ ಬಿಟ್ಟು ಬಂದು ‘ಟೀ ಆಯ್ತಾ?’ ಅಂದಿರಿ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಅಂತ ಅಕ್ಕನ ಹತ್ತಿರ ಎಷ್ಟು ಸಲ ದೂರಿದ್ದೇನೋ! ಒಮ್ಮೆ ಹಟಕ್ಕೆ ಬಿದ್ದು ಒಂಬತ್ತು ದಿನ ಮಾತು ಬಿಟ್ಟೆ. ಅಷ್ಟು ದಿನವೂ ನೀವು ನೆಮ್ಮದಿಯಾಗಿ ಉಂಡು ಮಲಗಿದ್ದನ್ನು ಕಂಡು ಹೊಟ್ಟೆ ಉರಿದುಕೊಂಡೆ. ಪಾಪ, ನಾನು ಮಾತು ಬಿಟ್ಟದ್ದೇ ನಿಮಗೆ ಗೊತ್ತಾಗಿರಲಿಲ್ಲವೋ ಏನೋ. ಇದನ್ನು ಬರೆಯುವಾಗ ನಗುವೂ ಬರುತ್ತಿದೆ, ಅಕ್ಷರವೂ ಕಲೆಸಿಹೋಗುತ್ತಿದೆ.

ಸದ್ದು ಕೇಳಿಯೇ ರೋಗ ಹೇಳುವ ಮೇಸ್ತ್ರಿ ಎಂದು ಹೆಸರು ಮಾಡಿದವರು ನೀವು. ಕೇಳಿಸುತ್ತಿಲ್ಲ ಎಂದು ಊರಿಗೆ ಹೇಳಿಕೊಳ್ಳಲಾಗದ್ದು ನನಗೆ ಅರ್ಥವಾಗುತ್ತದೆ. ಆದರೆ ನನಗೂ ಹೇಳಬಾರದಿತ್ತೇ? ತಪ್ಪೆಲ್ಲ ನಿಮ್ಮದೇ ಅನ್ನುವುದಿಲ್ಲ. ಇಂಜಿನ್ನಿನಲ್ಲಿ ಎಲ್ಲಿ ಸವೆದಿದೆ ಎಂದು ಬೆರಳಿಟ್ಟು ತೋರಿಸುವ ನಾನು, ಎದುರಿಗೆ ಕೂತು ಉಣ್ಣುವ ಮನುಷ್ಯನಿಗೆ ಏನಾಗಿದೆ ಎಂದು ಒಂದು ದಿನವೂ ಕೇಳಲಿಲ್ಲ. ಸಿಟ್ಟು ಮಾಡುವುದರಲ್ಲೇ ಹೊತ್ತು ಹೋಯಿತು. ಎರಡು ಸಲ ಈ ಊರಿಗೆ ಬಂದು, ನಾಲ್ಕು ಬೀದಿ ಆಚೆಗಿರುವ ಈ ಮನೆಯ ಬಾಗಿಲು ತಟ್ಟದೆ ಹೋದಿರಿ. ಮೊದಲಾಗಿದ್ದರೆ ಅದಕ್ಕೂ ಜಗಳ ತೆಗೆಯುತ್ತಿದ್ದೆ. ಈಗ, ವಾಪಸು ಹೋಗುವಾಗ ಬಸ್ಸಿನಲ್ಲಿ ಒಬ್ಬರೇ ಹೇಗೆ ಕೂತಿದ್ದಿರೋ ಎಂದಷ್ಟೇ ಯೋಚಿಸುತ್ತೇನೆ.

ಇರಲಿ, ಇಂಜಿನ್ನಿನ ಮಾತಿಗೆ ಬರುತ್ತೇನೆ. ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿಸಿ ನೋಡಿದೆ. ಮೂರನೆಯ ಬೇರಿಂಗ್ ತೇದು ತಾಮ್ರದ ಬಣ್ಣ ಕಾಣುತ್ತಿದೆ. ಅಲ್ಲಿ ಕ್ರ್ಯಾಂಕಿನ ಮೇಲೆ ಉಗುರಿಗೆ ಸಿಗುವಂಥ ಗೀರಿದೆ, ಗ್ರೈಂಡಿಂಗಿಗೆ ಕೊಡಲೇಬೇಕು. ಪಿಸ್ಟನ್, ಲೈನರ್ ಹೊಸವು ಬೇಕು. ಹೆಡ್ ಹೇಗಿದೆಯೋ ಬಿಚ್ಚಿದ ಮೇಲೆಯೇ ಹೇಳಬೇಕು. ಬ್ಲಾಕ್ ಮಾತ್ರ ಕಲ್ಲಿನ ಹಾಗಿದೆ. ಅದು ಒಡೆದಿದ್ದರೆ ಕಣ್ಣು ಮುಚ್ಚಿಕೊಂಡು ಬೇಡ ಅನ್ನುತ್ತಿದ್ದೆ. ಉಳಿದದ್ದು ಸವೆತ ಅಷ್ಟೇ. ಸವೆದದ್ದಕ್ಕೆ ಸಾಮಾನು ಸಿಗುತ್ತದೆ. ನನ್ನನ್ನು ಕೇಳಿದರೆ, ಕೊಳ್ಳಿ. ನಾನು ಹೇಳುವವರೆಗೂ ಬೇರೆಯವರಿಗೆ ತೋರಿಸುವುದಿಲ್ಲ ಎಂದು ತಕ್ಕಡಿಯಣ್ಣ ಮಾತು ಕೊಟ್ಟಿದ್ದಾರೆ.

ಆದರೆ ಒಬ್ಬರೇ ಕಟ್ಟಲು ಕೂರಬೇಡಿ. ನಿಮ್ಮ ಕೈಯ ಬಗ್ಗೆ ನನಗೆ ಒಂದು ಕೂದಲಷ್ಟೂ ಅನುಮಾನವಿಲ್ಲ. ಶುರು ಮಾಡಿದ ದಿನ ಸರಿಯಾಗಿ ಕೇಳಿ ಹೇಳುವವರೊಬ್ಬರು ಪಕ್ಕದಲ್ಲಿರಬೇಕು. ಕಿವಿಯನ್ನು ಡಾಕ್ಟರಿಗೂ ತೋರಿಸಿ. ಅದರಲ್ಲಿ ನಾಚಿಕೆ ಏನು ಬಂತು? ಓದಲು ಕನ್ನಡಕ ಹಾಕುವುದಿಲ್ಲವೇ?

ನಾನು ಇಲ್ಲಿ ಚೆನ್ನಾಗಿದ್ದೇನೆ. ಅಕ್ಕ, ಭಾವ ಯಾವುದಕ್ಕೂ ಕಡಿಮೆ ಮಾಡಿಲ್ಲ. ನನ್ನ ಚಿಂತೆ ಬೇಡ.

ಇಂತಿ,
ನೀವೇ ಹೆಸರಿಟ್ಟ
ಜಗಳಗಂಟಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಮನೆ ಬಿಟ್ಟ ದಿನ ನೀವು ಕೆಲಸದ ಮೇಜಿನ ಮೇಲೆ ಬಗ್ಗಿದ್ದಿರಿ. ನಾನು ಬ್ಯಾಗು ಹಿಡಿದು ನಿಮ್ಮ ಬೆನ್ನ ಹಿಂದೆ ನಿಂತು ‘ಹೋಗ್ಲಾ, ಇರ್ಲಾ?’ ಅಂತ ಕೇಳಿದ್ದೆ. ಒಂದಲ್ಲ, ಎರಡು ಸಲ. ನೀವು ತಿರುಗಿ ನೋಡಲಿಲ್ಲ. ಅದನ್ನೇ ಉತ್ತರ ಅಂದುಕೊಂಡು ಬಸ್ಸು ಹತ್ತಿದೆ. ಈ ಸಲ ಕಾಗದದ ಮೇಲೆ, ದಪ್ಪಕ್ಷರದಲ್ಲಿ ಕೇಳುತ್ತಿದ್ದೇನೆ: ಬರ್ಲಾ?