ಬಾಯಿಗೆ ಬಟ್ಟೆ ತುರುಕಿದ ಸ್ಯಾಕ್ಸೋಫೋನ್

ಬುದಯ್ಯ ರಸ್ತೆಯ ಬೇಸಿಗೆ ಉತ್ಸವದಲ್ಲಿ ಕಾರ್ಯಕ್ರಮಗಳಿಗೆ ಅನುಮೋದನೆ ಕೊಡುವ ಅಧಿಕಾರಿಗಳಿಗೆ,

ಮಾನ್ಯರೇ,

ಈ ತಿಂಗಳ ಕೊನೆಯ ಗುರುವಾರ ಸಂಜೆ ನಿಮ್ಮ ಡೇರೆಯಲ್ಲಿ ಜಾಝ್ ಕಛೇರಿ ನಡೆಯುತ್ತಿರುವಾಗ ದೀಪ ಆರಿದರೆ, ಕತ್ತಲೆಯಲ್ಲಿ ನುಡಿಸುವವರು ಯಾರು? ನನ್ನ ದೂರು ಇಷ್ಟೇ. ವೇದಿಕೆಯ ಮೇಲೆ ಸ್ಯಾಕ್ಸೋಫೋನ್ ಹಿಡಿದ ವಾದಕರಿರುತ್ತಾರೆ. ನಿಮ್ಮ ನಿಯಮದ ಪ್ರಕಾರ ಅವರು ನುಡಿಸುವಂತಿಲ್ಲ. ಡೇರೆಗೆ ಎರಡು ಬಾಗಿಲುಗಳಿವೆ. ನಿಮ್ಮ ಏರ್ಪಾಡಿನ ಪ್ರಕಾರ ಒಂದಕ್ಕೆ ಅಡ್ಡವಾಗಿ ಪ್ರಾಯೋಜಕರ ಹೊಸ ಕಾರು ನಿಂತಿರುತ್ತದೆ. ಹೋದ ವರ್ಷವೂ ಹೀಗೇ ಇತ್ತು. ಹೋದ ವರ್ಷ ದೀಪ ಆರಿತು.

ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಇಂಗ್ಲಿಷಿನಲ್ಲಿ ಬರೆದದ್ದು ನಿಮ್ಮ ಕಚೇರಿಯನ್ನು ತಲುಪಿತು, ಅದರ ಮೇಲೆ ಮುದ್ರೆಯೂ ಬಿತ್ತು, ಆಮೇಲೆ ಅದರ ಸುದ್ದಿಯಿಲ್ಲ. ಬಲ್ಲ ಭಾಷೆಯಲ್ಲಿ ಬರೆದರೂ ಓದದವರಿಗೆ ಯಾವ ಭಾಷೆಯಾದರೇನು? ಈ ಕೊಲ್ಲಿ ದೇಶದಲ್ಲಿರುವ ನಮ್ಮ ಕನ್ನಡಿಗರ ಮಾಸಪತ್ರಿಕೆಯನ್ನು ಓದುವವರಲ್ಲಿ ಅನೇಕರು ಆ ಸಂಜೆ ಮಕ್ಕಳನ್ನು ಕರೆದುಕೊಂಡು ನಿಮ್ಮ ಡೇರೆಯಲ್ಲಿ ಕೂರುತ್ತಾರೆ. ನಿಮ್ಮ ಬದಲು ಅವರು ಓದಲಿ.

ನಾನು ವಿಮಾ ಕಂಪನಿಯೊಂದರಲ್ಲಿ ನಷ್ಟ ಪರಿಶೀಲಿಸುವವನು. ಎಲ್ಲ ಮುಗಿದ ಮೇಲೆ ಸ್ಥಳಕ್ಕೆ ಹೋಗಿ ನಿಂತು ನೋಡುವುದು ನನ್ನ ಉದ್ಯೋಗ. ಸುಟ್ಟ ಗೋದಾಮು, ಕುಸಿದ ಚಾವಣಿ, ಎಲ್ಲಿಗೆ ಹೋದರೂ ಒಬ್ಬರಾದರೂ ಹತ್ತಿರ ಬಂದು, ‘ನಾನು ಮೊದಲೇ ಹೇಳಿದ್ದೆ’ ಎನ್ನುತ್ತಾರೆ. ನಾನು ತಲೆಯಾಡಿಸುತ್ತೇನೆ. ಅವರ ಮಾತಿಗೆ ವರದಿಯಲ್ಲಿ ಜಾಗವಿರುವುದಿಲ್ಲ. ಈ ಸಲ ಆ ಒಬ್ಬ ನಾನೇ ಆಗಿದ್ದೇನೆ. ಈ ಜಾಗದಲ್ಲಿ ನಿಂತು ನನಗೆ ಅಭ್ಯಾಸವಿಲ್ಲ, ನಿಲ್ಲಲು ಹಿತವಾಗಿಯೂ ಇಲ್ಲ.

ಬುಸೈತೀನ್‌ನಲ್ಲಿ ನಮ್ಮ ಮೇಲಿನ ಫ್ಲಾಟಿನಲ್ಲಿ ಮೌರಿಸ್ ಮತ್ತು ಐವಿ ಇದ್ದಾರೆ. ಮೌರಿಸ್ ಹೋಟೆಲುಗಳಲ್ಲಿ ಸ್ಯಾಕ್ಸೋಫೋನ್ ನುಡಿಸುವವರು. ಮಂಗಳೂರು ಕಡೆಯ ಮದುವೆ ಬ್ಯಾಂಡುಗಳಲ್ಲಿ ಕಲಿತು ಬಂದವರು. ಅವರ ಹೆಂಡತಿ ಐವಿ ಸಲ್ಮಾನಿಯಾ ಆಸ್ಪತ್ರೆಯಲ್ಲಿ ನರ್ಸ್. ನೆರೆಯವರಿಗೆ ತೊಂದರೆಯಾಗಬಾರದೆಂದು ಮೌರಿಸ್ ಬಟ್ಟೆಯ ಕಪಾಟಿನೊಳಗೆ ವಾದ್ಯದ ಬಾಯಿಟ್ಟು ಅಭ್ಯಾಸ ಮಾಡುತ್ತಾರೆ. ನನ್ನ ಹೆಂಡತಿ ಕಾಂತಾ ಒಮ್ಮೆ, “ನಿಮ್ಮ ಶರ್ಟುಗಳಿಗೆ ಇಷ್ಟೊತ್ತಿಗೆ ಸಂಗೀತ ಬಂದಿರಬೇಕಲ್ಲ?” ಎಂದಾಗ ಐವಿ ಹೇಳಿದ್ದು ಹೀಗೆ: “ಶರ್ಟಿಗೆ ಬಂದಿದೆ, ಇಸ್ತ್ರಿ ಮಾಡುವ ಬುದ್ಧಿ ಮಾತ್ರ ಇವರಿಗೆ ಬರ್ಲಿಲ್ಲ ಕಾಂತಕ್ಕ.”

ಎರಡು ಬೇಸಿಗೆಗಳ ಹಿಂದೆ, ನಿಮ್ಮ ಉತ್ಸವದ ಮೊದಲ ವರ್ಷ, ಮೌರಿಸ್ ಅವರ ತಂಡ ನಿಜವಾಗಿಯೇ ನುಡಿಸಿತ್ತು. ಕೀಬೋರ್ಡ್ ಮತ್ತು ಗಿಟಾರಿಗೆ ಗೋವಾದ ಇಬ್ಬರು, ಸ್ಯಾಕ್ಸೋಫೋನಿಗೆ ಇವರು. ಅರ್ಧದಲ್ಲಿ ಜನರೇಟರ್ ನಿಂತಿತು. ದೀಪ, ಮೈಕು, ತಂಪು ಗಾಳಿ, ಕೀಬೋರ್ಡು, ಗಿಟಾರು ಎಲ್ಲವೂ ಒಟ್ಟಿಗೆ ಹೋದವು. ಸ್ಯಾಕ್ಸೋಫೋನ್ ಮಾತ್ರ ಹೋಗಲಿಲ್ಲ. ಕತ್ತಲೆಯಲ್ಲಿ ಅದು ಇನ್ನೂ ಸ್ವಲ್ಪ ಹತ್ತಿರ ಬಂದು ಕುಳಿತಂತೆ ಕೇಳಿಸಿತು. ಯಾರೂ ಏಳಲಿಲ್ಲ. ಬೆವರು ಒರೆಸಿಕೊಳ್ಳುತ್ತಾ ಕುಳಿತೇ ಇದ್ದೆವು. ಒಂದು ಮಗು ನಕ್ಕಿತು. ದೀಪ ಬಂದಾಗ ಮೌರಿಸ್ ಕಣ್ಣು ಮುಚ್ಚಿಕೊಂಡು ನುಡಿಸುತ್ತಲೇ ಇದ್ದರು. ಬೆಳಕು ಬಂದದ್ದು ಅವರಿಗೆ ತಡವಾಗಿ ತಿಳಿಯಿತು.

ಮನೆಗೆ ಬರುವಾಗ ಕಾರಿನಲ್ಲಿ ಕೇಳಿದೆ, ಹೆದರಿಕೆಯಾಗಲಿಲ್ಲವೇ ಎಂದು. “ಹೆದರಿಕೆ ಎಂತದ್ದು ಬಾಲು ಸರ್? ಊರಲ್ಲಿ ಮದುವೆ ಊಟದ ಹೊತ್ತಿಗೇ ಕರೆಂಟ್ ಹೋಗುದು. ಆಗ ಬ್ಯಾಂಡ್ ನಿಲ್ಲಿಸ್ಲಿಕ್ಕಿಲ್ಲ, ಅದು ನಮ್ಮಲ್ಲಿ ಕ್ರಮ. ನಿಲ್ಲಿಸಿದ್ರೆ ಜನ ಏಳ್ತಾರೆ. ಒಬ್ಬ ಎದ್ದ ಅಂದ್ರೆ ಎಲ್ಲ ಏಳ್ತಾರೆ. ಮತ್ತೆ ಹಂದಿ ಸಾರು ಯಾರ ಮೈಮೇಲೆ, ಮದುಮಗಳ ಗೌನು ಯಾರ ಕಾಲಡಿ, ದೇವರೇ ಬಲ್ಲ. ಮೈಕ್ ಹೋಗ್ತದೆ, ಬಾಯಿ ಹೋಗುದಿಲ್ಲಲ್ಲ ಮಾರಾಯ್ರೆ.”

ಅಂದರೆ, ಮಾನ್ಯರೇ, ಆ ಸಂಜೆ ನಿಮ್ಮ ಡೇರೆಯನ್ನು ಕಾದದ್ದು ಒಂದು ಮದುವೆಮನೆಯ ಕ್ರಮ. ಅದಕ್ಕೆ ನಿಮ್ಮ ಕಚೇರಿ ಸಲ್ಲಿಸಿದ ಕೃತಜ್ಞತೆ ಏನು? ಕತ್ತಲೆಯಲ್ಲಿ ಅನುಮೋದನೆಯಿಲ್ಲದ ಸಂಗೀತ ನುಡಿಸಲಾಗಿದೆ, ಕಾರ್ಯಕ್ರಮ ನಿಗದಿತ ಅವಧಿ ಮೀರಿದೆ, ಇದರಿಂದ ಪ್ರಾಯೋಜಕರ ಲಕ್ಕಿ ಡ್ರಾ ತಡವಾಗಿದೆ ಎಂಬ ಆಕ್ಷೇಪಣೆ. ಮರುವರ್ಷ ಹೊಸ ನಿಯಮ ಬಂತು: ನುಡಿಸಲಿರುವ ಸಂಗೀತವನ್ನೆಲ್ಲ ಮೊದಲೇ ಧ್ವನಿಮುದ್ರಿಸಿ ಒಪ್ಪಿಸಬೇಕು.

ಜಾಝ್ ನನಗೆ ಪೂರ್ತಿ ಅರ್ಥವಾಗುತ್ತದೆ ಎಂದು ಹೇಳಲಾರೆ. ಆದರೆ ಅದರಲ್ಲಿ ಮುಂದಿನ ಸಾಲು ಏನೆಂಬುದು ನುಡಿಸುವವನಿಗೂ ಆ ಗಳಿಗೆಯವರೆಗೆ ಗೊತ್ತಿರುವುದಿಲ್ಲ ಎಂಬಷ್ಟು ತಿಳಿದಿದ್ದೇನೆ. ಅದನ್ನು ಮುಂಚಿತವಾಗಿ ಒಪ್ಪಿಸಿ ಎಂದರೆ, ಮುಂದಿನ ವಾರ ಸ್ನೇಹಿತನೊಡನೆ ಆಡಲಿರುವ ಹರಟೆಯನ್ನು ಈಗಲೇ ಬರೆದು ಸಹಿ ಹಾಕಿ ಎಂದಂತೆ. ಆದರೂ ಒಪ್ಪಿಸಿದರು. ನಮ್ಮ ಮೇಲಿನ ಫ್ಲಾಟಿನಲ್ಲೇ ಧ್ವನಿಮುದ್ರಣ ನಡೆಯಿತು. ಎ.ಸಿ.ಯ ಸದ್ದು ಸೇರಬಾರದೆಂದು ಅದನ್ನು ಆರಿಸಿ, ಮೂವರೂ ಬನಿಯನ್ನಿನಲ್ಲಿ ಕುಳಿತು ನುಡಿಸಿದರು. ಎರಡನೆಯ ಹಾಡಿನ ನಡುವೆ ಐವಿ ಒಮ್ಮೆ ಕೆಮ್ಮಿದರು. ಮತ್ತೆ ಮೊದಲಿನಿಂದ ನುಡಿಸುವ ಶಕ್ತಿ ಆ ಸೆಕೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ಕೆಮ್ಮು ಹಾಗೆಯೇ ಉಳಿಯಿತು. ನಿಮ್ಮ ಅನುಮೋದನೆಯನ್ನೂ ಪಡೆಯಿತು.

ಆಗ ನಿಮ್ಮ ಕಚೇರಿಗೆ ಇನ್ನೊಂದು ಸಂಶಯ ಹುಟ್ಟಿತು. ಅನುಮೋದಿಸಿದ್ದನ್ನೇ ಇವರು ನುಡಿಸುತ್ತಾರೆಂಬ ಖಾತರಿ ಏನು? ಖಾತರಿಗೆ ಒಂದೇ ದಾರಿ. ಧ್ವನಿಮುದ್ರಣವನ್ನೇ ಕೇಳಿಸುವುದು, ಕಲಾವಿದರು ವಾದ್ಯ ಹಿಡಿದು ವೇದಿಕೆಯ ಮೇಲೆ ಇರುವುದು. ಸ್ಯಾಕ್ಸೋಫೋನಿನಿಂದ ಸದ್ದು ಹೊರಬರಬಾರದೆಂದು ಅದರ ಅಗಲ ಬಾಯಿಗೆ ಬಟ್ಟೆ ತುರುಕಬೇಕು. ಊದುವ ತುದಿಯಲ್ಲಿ ರೀಡ್ ಎಂಬ ತೆಳ್ಳಗಿನ ಜೊಂಡಿನ ಸೀಳೊಂದು ಇರುತ್ತದೆ. ಅದು ಕಂಪಿಸಿದರೇ ನಾದ. ಅದನ್ನು ಬಿಚ್ಚಿ ಧ್ವನಿವರ್ಧಕದವರ ಮೇಜಿನ ಮೇಲೆ ಒಪ್ಪಿಸಬೇಕು. ಹೊಟ್ಟೆಪಾಡಿಗೆ ಏನೆಲ್ಲ ಒಪ್ಪಿಕೊಳ್ಳುತ್ತೇವೆ ಎಂಬುದು ಈ ದ್ವೀಪದಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆ. ಮೌರಿಸ್ ಒಪ್ಪಿಕೊಂಡರು.

ಹೋದ ಜುಲೈನ ಆ ಸಂಜೆ ನಾನು, ಕಾಂತಾ, ಐವಿ ಒಂದೇ ಸಾಲಿನಲ್ಲಿ ಕುಳಿತಿದ್ದೆವು. ವೇದಿಕೆಯ ಮೇಲೆ ಮೌರಿಸ್ ಅವರ ಕೆನ್ನೆ ಉಬ್ಬುತ್ತಿತ್ತು, ಬೆರಳು ಓಡುತ್ತಿತ್ತು. ನಾದ ಮಾತ್ರ ಪಕ್ಕದ ಕಪ್ಪು ಪೆಟ್ಟಿಗೆಗಳಿಂದ ಬರುತ್ತಿತ್ತು. ಎರಡನೆಯ ಹಾಡಿನ ನಡುವೆ ಆ ಕೆಮ್ಮು ಬಂತು, ಡೇರೆಯಷ್ಟೇ ದೊಡ್ಡದಾಗಿ. ನಾನು ಐವಿಯ ಕಡೆ ತಿರುಗಿದೆ. ಅವರ ತುಟಿ ಮುಚ್ಚಿತ್ತು. ಅದು ವಿಚಿತ್ರವೆನಿಸಿದ್ದು ನನಗೊಬ್ಬನಿಗೇ ಇರಬೇಕು, ಏಕೆಂದರೆ ಅವರು ಕಾಂತಾಳ ಕಿವಿಯಲ್ಲಿ, “ನೋಡಿ ಕಾಂತಕ್ಕ, ನನ್ನ ಕೆಮ್ಮಿಗೂ ಪರ್ಮಿಟ್ ಸಿಕ್ಕಿದೆ. ಇನ್ನು ಸೀನಿದ್ರೆ ಮಾತ್ರ ಅರ್ಜಿ ಹಾಕ್ಬೇಕು” ಎಂದು ನಗುತ್ತಿದ್ದರು.

ಅವರ ನಗು ಮುಗಿಯುವ ಮೊದಲೇ ದೀಪ ಆರಿತು.

ಮೊದಲು ಬಂದದ್ದು ಮೌನ. ಡೇರೆಯ ಯಂತ್ರಗಳೆಲ್ಲ ಒಮ್ಮೆಗೇ ಸುಮ್ಮನಾದಾಗ ಅಷ್ಟು ಹೊತ್ತು ಎಷ್ಟು ಸದ್ದಿನ ನಡುವೆ ಕುಳಿತಿದ್ದೆವೆಂದು ತಿಳಿಯಿತು. ಜನ ಕಾದರು. ಹಿಂದಿನ ವರ್ಷದ ಹಾಗೆ ಏನಾದರೂ ಕೇಳಿಸೀತೆಂದು ನಾನಂತೂ ಕಾದೆ. ವೇದಿಕೆಯ ಕಡೆಯಿಂದ ಕೇಳಿಸಿದ್ದು ಬರೀ ಉಸಿರು. ಮೌರಿಸ್ ಬಟ್ಟೆಯನ್ನು ಕಿತ್ತೆಸೆದು ಊದುತ್ತಿದ್ದರು. ರೀಡ್ ಇಲ್ಲದ ವಾದ್ಯದಿಂದ ಗಾಳಿ ಬರುತ್ತದೆ, ನಾದ ಬರುವುದಿಲ್ಲ. ಆ ಉಸಿರನ್ನು ಕೇಳಿ ಸಮಾಧಾನಗೊಳ್ಳುವವರು ಯಾರು? ನಮ್ಮ ಹಿಂದೆ ಯಾರೋ, “ಆಗ್ ಲಗೀ ಹೈ ಕ್ಯಾ?” ಎಂದರು. ಬೆಂಕಿ ಬಿದ್ದಿರಲಿಲ್ಲ. ಅದು ಪ್ರಶ್ನೆಯಾಗಿತ್ತು. ಮುಂದಿನ ಸಾಲು ಮುಟ್ಟುವಷ್ಟರಲ್ಲಿ ಪ್ರಶ್ನೆ ಸುದ್ದಿಯಾಯಿತು. ಒಬ್ಬ ಎದ್ದ.

ಮುಂದಿನದನ್ನು ನನ್ನ ಉದ್ಯೋಗದ ಭಾಷೆಯಲ್ಲಿ ಹೇಳುತ್ತೇನೆ, ಬೇರೆ ಭಾಷೆಯಲ್ಲಿ ನನ್ನಿಂದಾಗದು. ಜನ ಬಂದ ಬಾಗಿಲಿಗೇ ಹಿಂದಿರುಗಿದರು. ಹತ್ತಿರದ ಬಾಗಿಲಿಗೆ ಹೋದವರು ಕಾರಿಗೆ ತಗುಲಿ ತಿರುಗಿ ಬಂದರು; ಅವರು ಬರುವ ದಾರಿಯೂ ಉಳಿದವರು ಹೋಗುವ ದಾರಿಯೂ ಒಂದೇ ಆಯಿತು. ಮಡಚುವ ಕುರ್ಚಿಗಳು ಕಾಲಡಿ ಮಡಚಿಕೊಂಡವು. ಹೊರಗೆ ತಲುಪಿದವರ ಕನ್ನಡಕಗಳಿಗೆ ಜುಲೈ ತಿಂಗಳ ಆವಿ ಕವಿದು, ಕಣ್ಣು ಕಾಣದೆ ಬಾಗಿಲಲ್ಲೇ ನಿಂತರು. ಐವಿ ಬಿದ್ದದ್ದು ಅಲ್ಲಿ. ಕಾಂತಾ ಅವರ ಕೈ ಹಿಡಿದಿದ್ದಳು. ಕೊನೆಗೆ ಅವಳ ಕೈಯಲ್ಲಿ ಉಳಿದದ್ದು ಐವಿಯ ಬಳೆ ಮಾತ್ರ.

ಆಮೇಲೆ ದೀಪ ಬಂತು. ದೀಪದ ಜೊತೆಗೆ ಸಂಗೀತವೂ ಬಂತು. ನಿಮ್ಮ ಧ್ವನಿಮುದ್ರಣವಿದ್ದ ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿ ಇತ್ತು, ಮಾನ್ಯರೇ. ಕತ್ತಲೆಯ ಉದ್ದಕ್ಕೂ ಅದು ಯಾರಿಗೂ ಕೇಳಿಸದಂತೆ ನುಡಿಸುತ್ತಲೇ ಇತ್ತು. ಕಪ್ಪು ಪೆಟ್ಟಿಗೆಗಳು ಜೀವ ತಳೆದಾಗ ಅದು ಮೂರನೆಯ ಹಾಡಿನ ನಡುವಿಗೆ ಬಂದು ಮುಟ್ಟಿತ್ತು. ಮೌರಿಸ್ ನೆಲದ ಮೇಲೆ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾರೆ. ಮೌರಿಸ್ ಅವರ ಸ್ಯಾಕ್ಸೋಫೋನ್ ತಲೆಯ ಮೇಲೆ ಉಲ್ಲಾಸದಿಂದ ಮೊಳಗುತ್ತಿದೆ. ಅದನ್ನು ನಿಲ್ಲಿಸಬೇಕೆಂದು ತುಂಬ ಹೊತ್ತಿನವರೆಗೆ ಯಾರಿಗೂ ತೋಚಲಿಲ್ಲ. ಕೊನೆಯವರೆಗೆ ಕೇಳಿದೆವು. ಕಾರ್ಯಕ್ರಮ ಅನುಮೋದಿತ ಅವಧಿಯೊಳಗೆ ಮುಕ್ತಾಯವಾಯಿತು ಎಂದು ನಿಮ್ಮ ಪ್ರಕಟಣೆ ಹೇಳಿತು. ಅದು ಸುಳ್ಳಲ್ಲ.

ಐವಿಯ ಬಲ ಭುಜದ ಮೂಳೆ ಮುರಿದಿತ್ತು. ಅದು ಕೂಡಿದೆ, ಆದರೆ ಕೈ ಭುಜಕ್ಕಿಂತ ಮೇಲೇಳುವುದಿಲ್ಲ. ರೋಗಿಯನ್ನು ಎತ್ತಲಾರದ ನರ್ಸ್ ಈಗ ಮೇಜಿನ ಹಿಂದೆ ಕೂರುತ್ತಾರೆ. ತಲೆ ಬಾಚಲು ಕಾಂತಾ ಮೇಲೆ ಹೋಗುತ್ತಾಳೆ. ಇಬ್ಬರೂ ನಗುತ್ತಿರುವುದು ಕೆಳಗೆ ಕೇಳಿಸುತ್ತದೆ. ಕಪಾಟಿನೊಳಗಿನ ಸ್ಯಾಕ್ಸೋಫೋನ್ ಮಾತ್ರ ಈಗ ಕೇಳಿಸುವುದಿಲ್ಲ.

ಈ ವರ್ಷದ ಪ್ರಕಟಣೆ ನೋಡಿ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಎತ್ತಿದ ಸಂಯೋಜಕರು ನಮ್ಮ ಕರಾವಳಿಯವರೇ.

“ಸರ್, ಹೋದ ವರ್ಷದ್ದು ಹೋಯ್ತು. ಅದನ್ನೇ ಹಿಡ್ಕೊಂಡು ಕೂತ್ರೆ ಹಬ್ಬ ಮಾಡುದು ಯಾವಾಗ?”

“ಎರಡನೇ ಬಾಗಿಲು?”

“ಬಾಗಿಲು ಉಂಟಲ್ಲ ಸರ್.”

“ಕಾರು?”

“ಕಾರೂ ಉಂಟು. ಈ ಸಲ ಇನ್ನೂ ದೊಡ್ಡದು. ಸ್ಪಾನ್ಸರ್ ಅಲ್ವಾ?”

“ಕರೆಂಟ್ ಹೋದರೆ ಏನು ಮಾಡ್ತೀರಿ?”

“ಹೋಗುದಿಲ್ಲ ಸರ್, ಹೊಸ ಜನರೇಟರ್.”

“ಆದರೂ ಹೋದರೆ?”

“ಎಂತ ಸರ್ ನೀವು, ಹಬ್ಬದ ಮುಂಚೆ ಇಂಥ ಮಾತು? ಇನ್‌ಶಾ ಅಲ್ಲಾ, ಎಂತ ಆಗುದಿಲ್ಲ. ಫ್ಯಾಮಿಲಿ ಕರ್ಕೊಂಡು ಬನ್ನಿ, ಲಕ್ಕಿ ಡ್ರಾ ಉಂಟು.”

ಧ್ವನಿಮುದ್ರಣದ ಬಗ್ಗೆ ಕೇಳಿದೆ. ಹಳೆಯದೇ ಸಾಕು, ಅದಕ್ಕೆ ಅನುಮೋದನೆ ಸಿಕ್ಕಿದೆಯಲ್ಲ ಎಂದರು. ಅಂದರೆ ಅದೇ ಹಾಡುಗಳು, ಅದೇ ಕ್ರಮದಲ್ಲಿ. ದೀಪ ಆರಿದ ಆ ಜಾಗವನ್ನು ದಾಟಿಯೇ ಅದು ಮುಂದೆ ಹೋಗಬೇಕು.

ಮೇಲೆ ಹೋಗಿ ಮೌರಿಸ್ ಅವರನ್ನು ಕೇಳಿದೆ, ಹೋಗಲೇಬೇಕೇ ಎಂದು. ವಾದ್ಯವನ್ನು ಒರೆಸುತ್ತಿದ್ದರು.

“ಹೋಟೆಲಿನವರು ಬ್ಯಾಂಡ್ ತೆಗೆದಾಯ್ತು ಬಾಲು ಸರ್, ಈಗ ಇದೊಂದೇ ಉಳಿದದ್ದು. ನಾನು ಹೋಗದಿದ್ರೆ ಬೇರೆ ಯಾರನ್ನಾದ್ರೂ ನಿಲ್ಲಿಸ್ತಾರೆ. ನುಡಿಸ್ಲಿಕ್ಕೆ ಬರ್ಬೇಕು ಅಂತ ಇಲ್ಲಲ್ಲ? ಅವನು ಎಂತ ಮಾಡ್ತಾನೆ, ಕರೆಂಟ್ ಹೋದ್ರೆ?”

“ನೀವಾದರೂ ಏನು ಮಾಡ್ತೀರಿ, ರೀಡ್ ಅವರ ಮೇಜಿನ ಮೇಲೆ ಇರುವಾಗ?”

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. ಐವಿ ಒಳಗಿನಿಂದ, “ನಾನೂ ಹೋಗ್ತೇನೆ. ಕೆಮ್ಮು ಒಂದೇ ಹೋಗಿ ಬಂದ್ರೆ ಜನ ಎಂತ ಹೇಳಿಯಾರು?” ಎಂದರು. ಈ ಸಲ ಯಾರೂ ನಗಲಿಲ್ಲ. ಅವರು ಮುಂದಿನ ಸಾಲಿನಲ್ಲಿ ಕೂರುತ್ತಾರಂತೆ, ಗಂಡನಿಗೆ ಕಾಣುವ ಹಾಗೆ. ಎರಡೂ ಬಾಗಿಲುಗಳಿಗೆ ಅದೇ ಅತಿ ದೂರದ ಜಾಗ.

ಮಾನ್ಯರೇ, ನಾನು ಉತ್ಸವ ಬೇಡವೆನ್ನುತ್ತಿಲ್ಲ. ಈ ಊರಿನ ಜುಲೈಯಲ್ಲಿ ಮಕ್ಕಳನ್ನು ಬೇರೆಲ್ಲಿಗೆ ಕರೆದೊಯ್ಯಬೇಕು? ನಿಮ್ಮ ಧ್ವನಿಮುದ್ರಣವನ್ನೂ ಬೇಕಾದರೆ ಕೇಳಿಸಿ. ಗುರುವಾರಕ್ಕೆ ಮುಂಚೆ ಆ ಕಾರನ್ನು ಬಾಗಿಲಿನಿಂದ ಆಚೆ ತಳ್ಳಿಸಿ. ಸ್ಯಾಕ್ಸೋಫೋನಿನ ಬಾಯಿಂದ ಬಟ್ಟೆ ತೆಗೆಸಿ, ರೀಡನ್ನು ಅದರ ಜಾಗದಲ್ಲಿ ಇರಗೊಡಿ. ದೀಪವಿರುವಷ್ಟು ಹೊತ್ತು ಮೌರಿಸ್ ಅದನ್ನು ಊದುವುದಿಲ್ಲ ಎಂದು ಬೇಕಾದರೆ ಬರೆಸಿಕೊಳ್ಳಿ. ಕತ್ತಲೆಗೆ ಮಾತ್ರ ಅನುಮೋದನೆ ಕೊಡಿ.

ಇನ್ನು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಆ ಸಂಜೆ ಎರಡನೆಯ ಹಾಡಿನ ನಡುವೆ ಒಂದು ಕೆಮ್ಮು ಕೇಳಿಸುತ್ತದೆ. ಕೇಳಿಸಿದಾಗ ಮುಂದಿನ ಸಾಲಿನತ್ತ ನೋಡಿ. ಎಡಗೈಯಿಂದ ಬಲ ಭುಜ ಹಿಡಿದು, ತುಟಿ ಮುಚ್ಚಿ ಕುಳಿತ ಹೆಂಗಸೊಬ್ಬರು ಕಾಣುತ್ತಾರೆ. ಕೆಮ್ಮಿನ ನಂತರ ದೀಪ ಉಳಿದರೆ ಒಳ್ಳೆಯದು. ಆರಿದರೆ, ಏಳುವ ಮುಂಚೆ ಒಂದು ಗಳಿಗೆ ಕಿವಿಗೊಡಿ. ಸ್ಯಾಕ್ಸೋಫೋನ್ ಕೇಳಿಸಿದರೆ ಈ ಪತ್ರವನ್ನು ಯಾರೋ ಆ ಅಧಿಕಾರಿಗಳಿಗೆ ಓದಿ ಹೇಳಿದ್ದಾರೆ ಎಂದು ತಿಳಿದು ಕುಳಿತೇ ಇರಿ. ಬರೀ ಉಸಿರು ಕೇಳಿಸಿದರೆ, ಆ ಹೆಂಗಸು ಎಲ್ಲಿ ಕುಳಿತಿದ್ದರೆಂಬುದನ್ನು ನೆನಪಿಟ್ಟುಕೊಂಡು ಕಾಲಿಡಿ.

ಇಂತಿ,
ಈ ಸಲ ಮೊದಲೇ ಹೇಳಿದ ಒಬ್ಬ,
ಬಾಲಸುಬ್ರಹ್ಮಣ್ಯ
ಬುಸೈತೀನ್, ಜುಲೈ ೨೦೦೯